ನೀರು ಹಾಕಿಕೊಂಡ ದಿನ

ಚನ್ನಪಟ್ಟಣದ ಅಂಚಿನಲ್ಲಿ, ಮನೆಗಳ ಸಾಲು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ ಒಂದು ಕೇರಿ ಇದೆ. ಆ ಕೇರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳ ಮೊದಲ ಗುಟ್ಟು ಗಂಡನಿಗಿಂತ ಮುಂಚೆ ಮಾಯಮ್ಮನಿಗೆ ಗೊತ್ತಾಗುತ್ತದೆ. ಮಾಯಮ್ಮ ಅಲ್ಲಿನ ಆಶಾ ಕಾರ್ಯಕರ್ತೆ. ನಲವತ್ತಾರು ವರ್ಷ, ಗುಲಾಬಿ ಬಣ್ಣದ ಸೀರೆ, ಹೆಗಲಿಗೆ ಒಂದು ಚೀಲ. ಚೀಲದಲ್ಲಿ ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಅಡಿಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಗರ್ಭ ನೋಡುವ ಕಾರ್ಡುಗಳು. ಸರ್ಕಾರ ಕೊಡುವ ಬೇರೆ ಸಾಮಾನನ್ನು ಮಾಯಮ್ಮ ಹೇಗೆ ಇಡುತ್ತಾಳೋ ಬಿಡಿ, ಈ ಕಾರ್ಡುಗಳನ್ನು ಮಾತ್ರ ಒಡವೆ ಇಟ್ಟ ಹಾಗೆ ಇಡುತ್ತಾಳೆ.

ಕಾರ್ಡು ನೋಡುವುದರಲ್ಲಿ ಅವಳದು ಒಂದು ಕ್ರಮ. ಬೆಳಗ್ಗೆ ಎದ್ದು ಮೊದಲು ಹೋದ ಮೂತ್ರವೇ ಆಗಬೇಕು. ಮೂರೇ ಹನಿ ಬಿಡಬೇಕು. ಆಮೇಲೆ ಕಾರ್ಡನ್ನು ಸಮನಾದ ಕಡೆ ಮಲಗಿಸಿ, ಕೈಗಡಿಯಾರ ನೋಡುತ್ತಾ ಐದು ನಿಮಿಷ ಕೂರುವುದು. ಆ ಐದು ನಿಮಿಷದಲ್ಲಿ ಮಾತಾಡಿದವರಿಗೆ ಬೈಗುಳ ಗ್ಯಾರಂಟಿ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ, ಒಂದೂ ಬರದಿದ್ದರೆ ಕಾರ್ಡೇ ಕೆಟ್ಟಿದೆ. ಒಮ್ಮೆ ಒಬ್ಬಳು ಬೆಳಗ್ಗೆ ಇಲ್ಲ ಎಂದು ಎಸೆದ ಕಾರ್ಡನ್ನು ಸಂಜೆ ಕಸದಿಂದ ಎತ್ತಿಕೊಂಡು, ಎರಡನೇ ಗೆರೆ ಬಂದಿದೆ ಎಂದು ಓಡಿಬಂದಿದ್ದಳು. "ಒಣಗಿದ್ ಮ್ಯಾಕೆ ಬರೋ ಗೆರೆ ಗೆರೆಯಲ್ಲ ಕಣವ್ವ, ಅದು ಕಲೆ" ಎಂದು ಮಾಯಮ್ಮ ಅವಳನ್ನು ಕೂರಿಸಿ, ಕಾಫಿ ಕೊಟ್ಟು, ಅತ್ತು ಮುಗಿಯುವವರೆಗೆ ಜೊತೆಗಿದ್ದು ಕಳಿಸಿದ್ದಳು. ಹದಿನಾಲ್ಕು ವರ್ಷದಲ್ಲಿ ಅವಳು ಹೇಳಿದ್ದು ತಪ್ಪಿರಲಿಲ್ಲ. ಕೇರಿಯಲ್ಲಿ ಅದಕ್ಕೆ ಮಾಯಮ್ಮನ ಗೆರೆ ಎಂದೇ ಹೆಸರು.

ಇಷ್ಟೊಂದು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಮದುವೆಯಾದ ವರ್ಷ ಅವಳಿಗೇ ಮೂರು ತಿಂಗಳು ಮುಟ್ಟು ನಿಂತಿತ್ತು. ಅತ್ತೆ ದೊಡ್ಡಲಕ್ಷ್ಮಮ್ಮ ಸೊಸೆಯ ಮುಖ ನೋಡಿ, ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿ, ಬಸುರಿ ಎಂದು ತೀರ್ಪು ಕೊಟ್ಟುಬಿಟ್ಟರು. ಹಸಿರು ಬಳೆ ಬಂತು, ತವರಿನಿಂದ ಕಜ್ಜಾಯ ಬಂತು, ಬೀದಿಯ ಹೆಂಗಸರು ಹುಳಿಮಾವು ತಂದುಕೊಟ್ಟರು. ನಾಲ್ಕನೇ ತಿಂಗಳು ಆಸ್ಪತ್ರೆಯಲ್ಲಿ ಕಾರ್ಡು ಹಾಕಿ, ಏನೂ ಇಲ್ಲ, ರಕ್ತ ಕಡಿಮೆ ಇದೆ ಅಷ್ಟೇ ಎಂದರು. ತಿಂದ ಕಜ್ಜಾಯವನ್ನೆಲ್ಲ ಅವಳೇ ಸುಳ್ಳು ಹೇಳಿ ಗಿಟ್ಟಿಸಿದಳೇನೋ ಎಂಬಂತೆ ಜನ ನೋಡಿದರು. ಅಂದಿನಿಂದ ಮುಖ ನೋಡಿ ಹೇಳುವವರ ಮೇಲೆ ಅವಳಿಗೆ ಕೋಪ, ಆ ಪುಟ್ಟ ಬಿಳಿ ಕಾರ್ಡಿನ ಮೇಲೆ ದೇವರ ಮೇಲಿರುವಂಥ ನಂಬಿಕೆ.

ಕಾರ್ಡು ಹಾಕುವ ಮುಂಚೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ. "ನೀರಾಕ್ಕೊಂಡು ಎಷ್ಟ್ ದಿನ ಆಯ್ತವ್ವ?"

ತರಬೇತಿಯಲ್ಲಿ ಹೇಳಿಕೊಟ್ಟದ್ದು ಬೇರೆ. ಕೊನೆಯ ಸಲ ಮುಟ್ಟು ಶುರುವಾದ ಮೊದಲ ದಿನ ಯಾವುದು ಎಂದು ಕೇಳಿ, ಅಲ್ಲಿಂದ ಲೆಕ್ಕ ಹಿಡಿಯಬೇಕು. ಆದರೆ ಕೇರಿಯ ಹೆಂಗಸರು ಮುಟ್ಟು ಎಂಬ ಮಾತನ್ನು ಬಾಯಲ್ಲಿ ಆಡುವುದಿಲ್ಲ, ಶುರುವಾದ ದಿನ ನೆನಪಿಟ್ಟುಕೊಳ್ಳುವುದೂ ಇಲ್ಲ. ತಲೆಗೆ ನೀರು ಹಾಕಿಕೊಂಡು ಅಡುಗೆಮನೆಗೆ ಬಂದ ದಿನ ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಅಲ್ಲಿ ಎಲ್ಲರೂ ನೀರು ಹಾಕಿಕೊಳ್ಳುವುದು ನಾಲ್ಕನೇ ದಿನ. ಆದ್ದರಿಂದ ಮಾಯಮ್ಮ ಅವರು ಹೇಳಿದ ದಿನಕ್ಕೆ ಮನಸ್ಸಿನಲ್ಲೇ ಮೂರು ಸೇರಿಸಿ, ಎಷ್ಟು ವಾರವಾಯಿತು ಎಂದು ಹೇಳುತ್ತಿದ್ದಳು. ಆ ಕೇರಿಯ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಕಳೆದ ವರ್ಷ ಪಕ್ಕದ ಗೊಂಬೆ ಬೀದಿಯೂ ಅವಳ ಪಾಲಿಗೆ ಬಂತು. ಅಲ್ಲಿ ಆಶಾ ಆಗಿದ್ದ ಮೆಹ್ರೀನ್ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಿಟ್ಟುಹೋದಳು. ಹೊಸಬರನ್ನು ಹಾಕುವವರೆಗೆ ನೀನೇ ನೋಡಿಕೋ ಎಂದರು ಮೇಲಿನವರು. ಹೊಸಬರು ಯಾವಾಗ ಬರುತ್ತಾರೆ ಎಂದು ಕೇಳುವಷ್ಟು ಅಮಾಯಕಳಲ್ಲ ಮಾಯಮ್ಮ, ರಿಜಿಸ್ಟರ್ ತೆಗೆದುಕೊಂಡು ಸುಮ್ಮನೆ ನಡೆದಳು. ಗೊಂಬೆ ಬೀದಿ ಅವಳ ಮನೆಯಿಂದ ಹತ್ತು ನಿಮಿಷದ ದಾರಿ. ಹುಟ್ಟಿದಾಗಿನಿಂದ ಆ ಬೀದಿಯ ಬುಗುರಿ ಆಡಿಸಿ ಬೆಳೆದವಳು, ಆದರೆ ಅಲ್ಲಿನ ಮನೆಗಳ ಒಳಗೆ ಕಾಲಿಟ್ಟದ್ದು ಆಗಲೇ ಮೊದಲು.

ಬೀದಿಯ ಮೂರನೇ ಮನೆ ಮುನ್ನೀ ಅವರದು. ಮುಂದಿನ ಕೋಣೆಯಲ್ಲಿ ಲೇತ್ ಮೆಷಿನ್, ಮೂಲೆಯಲ್ಲಿ ಗೊಂಬೆ ಮಾಡುವ ಆಲೆಮರದ ತುಂಡುಗಳ ರಾಶಿ, ಮನೆಯೆಲ್ಲ ಬಿಸಿ ಅರಗಿನ ವಾಸನೆ. ಮುನ್ನೀ ಅವರ ಮಗ ಮುಜಾಮಿಲ್ ಮರ ಕಡೆಯುತ್ತಾನೆ. ಸೊಸೆ ಸಾನಾ, ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ, ಪಿಯುಸಿ ಓದಿದವಳು, ಗೆರೆ ಎಳೆಯುತ್ತಾಳೆ. ತಿರುಗುವ ಬುಗುರಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಗೆರೆ ಕೂರುತ್ತದೆ. ಒತ್ತುವುದು ಸ್ವಲ್ಪ ಕಡಿಮೆಯಾದರೂ ಗೆರೆ ತೆಳುವಾಗಿ ಮಾಲು ವಾಪಸ್ ಬರುತ್ತದೆ. ಬಂದ ಆರೇ ತಿಂಗಳಲ್ಲಿ ಸಾನಾಳ ಗೆರೆಗೆ ಗಂಡನ ಗೆರೆಗಿಂತ ಒಳ್ಳೆಯ ಹೆಸರು ಬಂದಿತ್ತು. ಮುಜಾಮಿಲ್ ಅದನ್ನು ನಗುನಗುತ್ತಲೇ ಒಪ್ಪಿಕೊಳ್ಳುತ್ತಿದ್ದ.

ಮದುವೆಯಾಗಿ ಒಂದೂವರೆ ವರ್ಷ. ಯಾಕೆ ಇನ್ನೂ ಇಲ್ಲ ಎಂದು ಮುನ್ನೀ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡು ಒಂದು ಉಸಿರು ಬಿಡುತ್ತಿದ್ದರು. ಆ ಉಸಿರು ಸಾನಾಳಿಗೆ ಕೇಳುತ್ತಿತ್ತು. ಅವಳಿಗೆ ಮಗು ಬೇಕಿತ್ತು, ಆ ಉಸಿರು ನಿಲ್ಲಿಸುವುದಕ್ಕೆ ಅಲ್ಲ, ತನಗೇ ಬೇಕಿತ್ತು.

ಫೆಬ್ರವರಿಯ ಒಂದು ಮಂಗಳವಾರ ಮಾಯಮ್ಮ ಹೋದಾಗ ಸಾನಾ ಅವಳನ್ನು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಆಂಟಿ, ನಗ್ಬಾರ್ದು. ನಾನೇ ಮೂರು ಟೆಸ್ಟ್ ಮಾಡ್ಕೊಂಡೆ."

"ಯಾವ್ಯಾವು?"

"ಯೂಟ್ಯೂಬ್ ನೋಡಿ ಸಕ್ಕರೇದು. ಸಕ್ಕರೆ ಗಂಟು ಕಟ್ಟಿದ್ರೆ ಐತೆ ಅಂತ. ಗಂಟು ಕಟ್ತು. ಆಮೇಲೆ ಪೇಸ್ಟಲ್ಲಿ ಮಾಡ್ದೆ, ನೊರೆ ಬರ್ಬೇಕಿತ್ತು, ಬರ್ಲಿಲ್ಲ. ಆಮೇಲೆ ಇವರ ಹತ್ರ ಮೆಡಿಕಲ್ ಸ್ಟೋರಿಂದ ಕಾರ್ಡ್ ತರಿಸ್ದೆ. ಸಾಯಂಕಾಲ ಹಾಕ್ದೆ, ಒಂದೇ ಗೆರೆ."

"ಸಾಯಂಕಾಲ? ಮುಂಚೆ ಎಷ್ಟ್ ನೀರು ಕುಡ್ದಿದ್ದೆ?"

"ಒಂದು ಚೊಂಬು. ಬರ್ಲಿ ಅಂತ."

ಮಾಯಮ್ಮ ಹಣೆ ಚಚ್ಚಿಕೊಂಡಳು. "ಸಕ್ಕರೆ ದಂಡ, ಪೇಸ್ಟು ದಂಡ. ಅವು ಯಾವನೋ ಕೂತ್ಕಂಡು ಮಾಡಿರೋ ಆಟ. ಕಾರ್ಡ್ ಒಂದೇ ಸರಿ, ಅದನ್ನೂ ನೀರ್ ಕುಡುದ್ಬುಟ್ಟು ಸಾಯಂಕಾಲ ಹಾಕಿದ್ರೆ ಅದೇನ್ ಹೇಳಾತು, ಪಾಪ. ನಾಳೀಕೆ ಎದ್ದೇಟ್ಗೆ ಹಿಡುದು ಇಡು, ನಾನೇ ಬತ್ತೀನಿ."

"ಇವತ್ತೇ ಇಟ್ಟಿದ್ದೀನಿ ಆಂಟಿ" ಎಂದಳು ಸಾನಾ, ತಲೆ ತಗ್ಗಿಸಿ. "ನೀವು ಬರೋ ದಿನ ಅಂತ ಗೊತ್ತಿತ್ತು."

ಮಾಯಮ್ಮನಿಗೆ ನಗು ಬಂತು. ಚೀಲದಿಂದ ಕಾರ್ಡು ತೆಗೆಯುತ್ತಾ, ಸಾವಿರ ಸಲ ಕೇಳಿದ ಪ್ರಶ್ನೆ ಕೇಳಿದಳು. "ನೀರಾಕ್ಕೊಂಡು ಎಷ್ಟ್ ದಿನ ಆಯ್ತವ್ವ?"

"ಜುಮ್ಮಾ ದಿನ, ಶುಕ್ರವಾರ. ಇವತ್ತಿಗೆ ಮೂವತ್ತೆರಡು ದಿನ" ಎಂದಳು ಸಾನಾ. ಲೆಕ್ಕ ಇಟ್ಟಿದ್ದಳು.

ಮೂವತ್ತೆರಡಕ್ಕೆ ಮೂರು, ಮೂವತ್ತೈದು. ಐದು ವಾರ. ಮಾಯಮ್ಮ ಮೂರು ಹನಿ ಬಿಟ್ಟು ಕಿಟಕಿ ಕಟ್ಟೆಯ ಮೇಲೆ ಕಾರ್ಡು ಮಲಗಿಸಿದಳು. ಹೊರಗೆ ಲೇತ್ ತಿರುಗುತ್ತಿತ್ತು. ಮೊದಲ ಗೆರೆ ಗಟ್ಟಿಯಾಗಿ ಎದ್ದು ಬಂತು. ಎರಡನೆಯದು ಬಂತೋ ಇಲ್ಲವೋ ಎನ್ನುವ ಹಾಗೆ, ಗೋಡೆಗೆ ಒರೆಸಿದ ಬೆರಳಿನ ಗುರುತಿನಂತೆ, ನಾಲ್ಕನೇ ನಿಮಿಷಕ್ಕೆ ಬಂತು. ಐದನೇ ನಿಮಿಷಕ್ಕೂ ಅಷ್ಟೇ ಇತ್ತು.

"ಐತೆ ಕಣೇ" ಎಂದಳು ಮಾಯಮ್ಮ.

ಸಾನಾ ಕುಣಿಯಲಿಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡು, ಕೆಲಸದಲ್ಲಿ ಬುಗುರಿ ನೋಡುವಂತೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. "ಗೆರೆ ತೆಳು ಆಯ್ತಲ್ಲ ಆಂಟಿ. ಇಂಥದು ನಮ್ಮಲ್ಲಿ ಮಾಲಿಗೆ ಹಾಕಲ್ಲ."

"ಬುಗುರಿ ಅಲ್ಲ ಕಣವ್ವ ಇದು. ಐದೇ ವಾರ, ಎಳೇದು. ದಿನ ತುಂಬ್ತಾ ತುಂಬ್ತಾ ತಾನಾಗೇ ಗಟ್ಟಿಯಾಯ್ತದೆ. ಈ ಗುರುವಾರ ಬುಟ್ಟು ಬರೋ ಗುರುವಾರ ತಾಯಿ ಕಾರ್ಡ್ ಮಾಡಿಸೋ ದಿನ. ಅವತ್ತು ಇನ್ನೊಂದು ಹಾಕಿ ನೋಡಿ, ಕರ್ಕೊಂಡೋಯ್ತೀನಿ."

"ಎಡಗಡೆ ಒಂಥರಾ ಎಳೀತದೆ."

"ಒಸಿ ಎಳೆತ ಇದ್ದೇ ಇರ್ತದೆ. ಜಾಗ ಮಾಡ್ಕಬೇಡ್ವಾ ಅದು?"

ಸಾನಾ ಆಗ ನಕ್ಕಳು. ಮುನ್ನೀ ಬಾಗಿಲಲ್ಲೇ ನಿಂತಿದ್ದರು, ಸೊಸೆಯ ತಲೆ ಹಿಡಿದು ಹಣೆಗೆ ಮುತ್ತಿಟ್ಟರು. ಮುಜಾಮಿಲ್ ಲೇತ್ ನಿಲ್ಲಿಸಿ ಬಂದು, ಏನು ಹೇಳಬೇಕೆಂದು ತಿಳಿಯದೆ ಮಾಯಮ್ಮನ ಕೈಗೆ ಎರಡು ಬುಗುರಿ ಕೊಟ್ಟ. ನಲವತ್ತಾರರ ಹೆಂಗಸು ಬುಗುರಿ ಹಿಡಿದುಕೊಂಡು ಬೀದಿಯಲ್ಲಿ ನಡೆದುಬಂದಳು. ಆ ದಿನ ಅವಳಷ್ಟು ಖುಷಿಯಾಗಿ ಆ ಊರಲ್ಲಿ ಯಾರೂ ಇರಲಿಲ್ಲ ಎಂದರೆ ನಂಬಬಹುದು.

ಒಂಬತ್ತು ದಿನ ಕಳೆದು ಗುರುವಾರ ಬೆಳಗ್ಗೆ ಹತ್ತಕ್ಕೆ, ಚೀಲದಲ್ಲಿ ಇನ್ನೊಂದು ಕಾರ್ಡು ಇಟ್ಟುಕೊಂಡು ಮಾಯಮ್ಮ ಬಂದಳು. ಲೇತ್ ನಿಂತಿತ್ತು. ಸಾನಾ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗೆ. ಮುನ್ನೀ ಅವಳ ಎಡ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ಹೆಗಲು ನೋವಂತೆ ಆಶಾಮ್ಮ, ಬೆಳಗ್ಗೆಯಿಂದ. ಮೆಷಿನ್ ಮುಂದೆ ಬಗ್ಗಿ ಬಗ್ಗಿ ಹಿಂಗಾಗಿದೆ. ಸುಸ್ತು ಅಂತಾಳೆ."

ಮಾಯಮ್ಮ ಚೀಲ ಅಲ್ಲೇ ಇಳಿಸಿದಳು. ಎಷ್ಟೋ ವರ್ಷದ ಹಿಂದೆ ತರಬೇತಿಯಲ್ಲಿ ಮಧ್ಯಾಹ್ನದ ನಿದ್ದೆಗಣ್ಣಲ್ಲಿ ಕೇಳಿದ ಒಂದು ಮಾತು ತಾನಾಗಿ ಎದ್ದು ಬಂತು. ದಿನ ತಪ್ಪಿದ ಹೆಣ್ಣಿಗೆ ಹೊಟ್ಟೆನೋವಿನ ಜೊತೆ ಹೆಗಲು ನೋವು ಬಂದರೆ ಹೆಗಲು ನೋಡುತ್ತಾ ಕೂರಬೇಡಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಅವಳು ಸಾನಾಳ ಹೊಟ್ಟೆ ಮುಟ್ಟಿದಳು. ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದ ಕೈಯನ್ನು ಸಾನಾ ತಳ್ಳಿದಳು.

"ಮುಜಾಮಿಲ್, ಆಟೋ. ಈಗ್ಲೇ" ಎಂದಳು ಮಾಯಮ್ಮ. ಮುನ್ನೀ ಬುರ್ಖಾ ಹುಡುಕುತ್ತಿದ್ದರೆ, "ಆಪಾ, ನನ್ ಸೆರಗೇ ಹೊದ್ದುಸ್ತೀನಿ, ನಡೀರಿ" ಎಂದು ಸಾನಾಳನ್ನು ಎತ್ತಿಸಿಯೇಬಿಟ್ಟಳು. ದಾರಿಯಲ್ಲಿ ಆಸ್ಪತ್ರೆಗೆ ಫೋನು ಮಾಡಿದಳು. ಆಟೋದಲ್ಲಿ ಸಾನಾಳ ತಲೆ ಅವಳ ಮಡಿಲಲ್ಲಿತ್ತು. "ಆಂಟಿ, ಮಗು ಐತಲ್ವಾ?" ಎಂದು ಆ ಹುಡುಗಿ ಎರಡು ಸಲ ಕೇಳಿದಳು. ಮಾಯಮ್ಮ ಎರಡು ಸಲವೂ ಅವಳ ಕೆನ್ನೆ ಸವರಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಅರ್ಧದಲ್ಲೇ ಎದ್ದು ಆಪರೇಷನ್‌ಗೆ ತಯಾರಿ ಮಾಡಲು ಹೇಳಿದರು. ಗರ್ಭ ಗರ್ಭಕೋಶದಲ್ಲಿ ಕೂತಿರಲಿಲ್ಲ. ಎಡಗಡೆಯ ನಳಿಕೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಬೆಳೆದು, ನಳಿಕೆ ಒಡೆದಿತ್ತು. ನರ್ಸ್ ಫಾರಂ ಹಿಡಿದುಕೊಂಡು ಓಡಿಬಂದಳು.

"ಕೊನೇ ಮುಟ್ಟು ಯಾವಾಗ?"

"ಕಾರ್ಡ್ ಹಾಕ್ದಾಗ ಐದು ವಾರ" ಎಂದಳು ಮಾಯಮ್ಮ. "ಈಗ ಆರು ವಾರದ ಮೇಲೆ ಎರಡು ದಿನ."

"ಇಲ್ಲ ಇಲ್ಲ" ಎಂದರು ಮುನ್ನೀ, ಅಳುತ್ತಲೇ. "ಅವಳು ಶುರುವಾಗಿ ನಮಾಜ್ ಬಿಟ್ಟಿದ್ದು ಬುಧವಾರ. ನೀರು ಹಾಕ್ಕೊಂಡಿದ್ದು ಹತ್ತನೇ ದಿನ, ಅದಾದ ಮುಂದಿನ ವಾರದ ಶುಕ್ರವಾರ. ಅವಳಿಗೆ ಯಾವಾಗ್ಲೂ ಜಾಸ್ತಿ ದಿನ ಹೋಗ್ತದೆ."

ಮಾಯಮ್ಮ ಅವರ ಮುಖ ನೋಡಿದಳು. "ನಾಲ್ಕನೇ ದಿನ ಅಲ್ವಾ ಆಪಾ?"

"ನಾಲ್ಕನೇ ದಿನ ಹೆಂಗೆ? ಪೂರ್ತಿ ನಿಂತ ಮೇಲೆ ತಾನೇ ನಮ್ಮಲ್ಲಿ ನೀರು?"

ನರ್ಸ್ ಬುಧವಾರದ ತಾರೀಖು ಬರೆದುಕೊಂಡು ಒಳಗೆ ಹೋದಳು. ಮಾಯಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಮೂವತ್ತೆರಡಕ್ಕೆ ಮೂರಲ್ಲ, ಒಂಬತ್ತು. ನಲವತ್ತೊಂದು. ಅವತ್ತು ಕಿಟಕಿ ಕಟ್ಟೆಯ ಮೇಲೆ ಮಲಗಿದ್ದ ಕಾರ್ಡು ಐದು ವಾರದ ಎಳೆ ಗೆರೆ ತೋರಿಸಿರಲಿಲ್ಲ. ಹೆಚ್ಚು ಕಡಿಮೆ ಆರು ವಾರ ತುಂಬಿದ ಮೇಲೂ ಗಟ್ಟಿಯಾಗದೆ ಉಳಿದ ಗೆರೆ ತೋರಿಸಿತ್ತು. ಕಾರ್ಡು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅದನ್ನು ಓದಿದವಳ ಕೈಯಲ್ಲಿ ಬೇರೆ ಕೇರಿಯ ಲೆಕ್ಕ ಇತ್ತು.

ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರಮ್ಮ ಜೀವಕ್ಕೆ ಭಯವಿಲ್ಲ, ಎಡ ನಳಿಕೆ ತೆಗೆಯಬೇಕಾಯಿತು ಎಂದರು. ಮುನ್ನೀ ಮುಜಾಮಿಲ್ ಇಬ್ಬರೂ ಆಚೆ ಹೋದ ಮೇಲೆ ಮಾಯಮ್ಮ ಕೇಳಿದಳು.

"ಮೇಡಂ, ಗೆರೆ ತೆಳುವಾಗಿತ್ತು. ದಿನ ಕಮ್ಮಿ ಅಂದ್ಕೊಂಡೆ."

"ದಿನ ಕಡಿಮೆ ಇದ್ದರೆ ತೆಳು ಇರಬಹುದು. ಅಷ್ಟು ದಿನ ಆದ ಮೇಲೂ ತೆಳು ಇದ್ದರೆ, ಜೊತೆಗೆ ನೋವೂ ಇದ್ದರೆ, ಅನುಮಾನ ಪಡಬೇಕು. ಅವತ್ತೇ ಕಳಿಸಿದ್ದರೆ ರಕ್ತದಲ್ಲಿ ಅಳೆದು ನೋಡ್ತಿದ್ವಿ. ಎರಡು ದಿನ ಬಿಟ್ಟು ಇನ್ನೊಂದು ಸಲ ಅಳೆದು, ಏರೋ ರೀತಿಯಲ್ಲಿ ಏರ್ತಿದೆಯಾ ಅಂತ ನೋಡ್ತಿದ್ವಿ. ಬೇಗ ಸಿಕ್ಕಿದ್ದರೆ ಇಂಜೆಕ್ಷನ್ನಲ್ಲೇ ಮುಗೀತಿತ್ತೋ ಏನೋ, ಹೇಳೋಕಾಗಲ್ಲ." ಡಾಕ್ಟರಮ್ಮ ಸುಸ್ತಾಗಿದ್ದರು, ಬೈಯಲಿಲ್ಲ. "ನಿಮ್ಮ ಕಾರ್ಡು ಇದೆಯಾ ಇಲ್ಲವಾ ಅಂತ ಹೇಳುತ್ತೆ ಮಾಯಮ್ಮ. ಎಲ್ಲಿದೆ ಅಂತ ಹೇಳಲ್ಲ. ಆದರೂ ಹೆಗಲು ನೋವು ಗುರುತಿಸಿದ್ರಿ. ಇನ್ನೊಂದು ಗಂಟೆ ತಡ ಆಗಿದ್ದರೆ ಹುಡುಗಿ ಉಳೀತಿರಲಿಲ್ಲ."

ಕೊನೆಯ ಮಾತು ಆಸ್ಪತ್ರೆಯ ಬಾಗಿಲಿನಿಂದ ಹೊರಬಿದ್ದು ಗೊಂಬೆ ಬೀದಿಯನ್ನೆಲ್ಲ ಸುತ್ತಿತು. ಮೊದಲಿನ ಮಾತುಗಳು ಅಲ್ಲೇ ಉಳಿದವು. ಆಶಾಮ್ಮ ಸಾನಾಳ ಜೀವ ಉಳಿಸಿದಳು ಎಂದು ಬೀದಿಗೆ ಬೀದಿಯೇ ಆಡಿತು. ಆಶಾಗಳ ತಿಂಗಳ ಮೀಟಿಂಗಿನಲ್ಲಿ ಅವಳನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಮುಜಾಮಿಲ್ ಒಂದು ಕುಂಕುಮದ ಭರಣಿ ಕಡೆದು ತಂದುಕೊಟ್ಟ. ಕೆಂಪು ಅರಗಿನ ಮೇಲೆ ಏಳು ಹಳದಿ ಗೆರೆ. ಹಾಸಿಗೆಯಿಂದ ಎದ್ದ ಮೇಲೆ ಸಾನಾ ಮೊದಲು ಎಳೆದ ಗೆರೆಗಳಂತೆ ಅವು. ಒಂದು ಗೆರೆಯೂ ತೆಳುವಾಗಿರಲಿಲ್ಲ.

ಮಾಯಮ್ಮ ಆ ಭರಣಿಯನ್ನು ದೇವರ ಮುಂದೆ ಇಟ್ಟಳು, ನಾಲ್ಕು ದಿನ ಅದರತ್ತ ನೋಡದೆ ಕೈಮುಗಿದಳು. ಊಟ ಸೇರುತ್ತಿರಲಿಲ್ಲ. ಅಡುಗೆಗೆ ಉಪ್ಪು ಎರಡೆರಡು ಸಲ ಬೀಳುತ್ತಿತ್ತು. ಗಂಡ ಅಂಕಯ್ಯನಿಗೆ ವಿಷಯ ಹೇಳಿದರೆ, ಅವನು ಊಟದ ತಟ್ಟೆಯಿಂದ ತಲೆ ಎತ್ತದೆ, "ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಸುಮ್ಕಿರು ಮತ್ತೆ. ಹೊಗಳ್ತಾವ್ರೆ, ಹೊಗಳುಸ್ಕೊ" ಎಂದ. ಅಂಕಯ್ಯ ಕೆಟ್ಟವನಲ್ಲ, ನೆಮ್ಮದಿಯಾಗಿ ಉಣ್ಣಬೇಕೆನ್ನುವ ಮನುಷ್ಯ. ಆದರೆ ಮಾಯಮ್ಮನಿಗೆ ಸುಳ್ಳು ಬಸುರಿಗೆ ಬಂದ ಕಜ್ಜಾಯದ ರುಚಿ ಇಪ್ಪತ್ತು ವರ್ಷದ ಮೇಲೆ ಮತ್ತೆ ನಾಲಿಗೆಗೆ ಬಂದಿತ್ತು. ಅವತ್ತಾದರೆ ಅವಳು ಮಾಡದ ತಪ್ಪು. ಇದು ಮಾಡಿದ ತಪ್ಪು.

ಐದನೇ ದಿನ ಅವಳು ಗೊಂಬೆ ಬೀದಿಗೆ ಹೋದಳು. ಸಾನಾ ನಡುಮನೆಯಲ್ಲಿ ಕುಳಿತು ಮರದ ಮಣಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಮುನ್ನೀ ಚಹಾ ತಂದರು. ಮಾಯಮ್ಮ ಲೋಟ ಮುಟ್ಟಲಿಲ್ಲ.

"ಸಾನಾ, ನಾನೊಂದು ಮಾತು ಹೇಳ್ಬೇಕು. ನೀನು ನೀರಾಕ್ಕೊಂಡ ದಿನ ಹೇಳ್ದೆ. ನಾನು ನಮ್ಮ ಕೇರಿ ಲೆಕ್ಕ ಹಾಕ್ದೆ, ನಾಲ್ಕನೇ ದಿನ ಅಂತ. ಶುರುವಾದ ದಿನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಕೇಳಿದ್ರೆ ಆ ಗೆರೆ ನೋಡಿ ಅವತ್ತೇ ನಿನ್ನ ಆಸ್ಪತ್ರೆಗೆ ಕರ್ಕೊಂಡೋಗ್ತಿದ್ದೆ. ಒಂಬತ್ತು ದಿನ ನಾನು ಕಳೆದ್ಬುಟ್ಟೆ. ಬೇಗ ಹೋಗಿದ್ರೆ ಆ ನಳಿಕೆ ಉಳೀತಿತ್ತೇನೋ. ಎಲ್ಲಾರೂ ನಾನು ಉಳಿಸ್ದೆ ಅಂತಾವ್ರೆ. ನನಗೆ ಅದು ತಡಿಯಾಕಾಗ್ತಿಲ್ಲ."

ಮುನ್ನೀ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಸಾನಾ ಒಂದು ಹಸಿರು ಮಣಿಯನ್ನು ಎತ್ತಿ, ಹಸಿರು ರಾಶಿಗೆ ಹಾಕಿದಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಗೆರೆ ತೆಳು ಅಂತ ನಾನು ಹೇಳ್ದೆ ಆಂಟಿ."

ಅಷ್ಟೇ. ಬೈದಿದ್ದರೆ ಮಾಯಮ್ಮ ಬೈಸಿಕೊಳ್ಳುತ್ತಿದ್ದಳು, ಅತ್ತಿದ್ದರೆ ಜೊತೆಗೆ ಅಳುತ್ತಿದ್ದಳು. ಸಾನಾ ಎದ್ದು ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡಳು. ಮುನ್ನೀ ಬಾಗಿಲವರೆಗೆ ಬಂದರು. "ಹೇಳದೆ ಇದ್ದಿದ್ರೆ ಆಗ್ತಿತ್ತು ಆಶಾಮ್ಮ" ಎಂದರು. ಕೋಪದಿಂದ ಹೇಳಿದರೋ ಕನಿಕರದಿಂದ ಹೇಳಿದರೋ ಮಾಯಮ್ಮನಿಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಹತ್ತು ಹನ್ನೊಂದು ತಿಂಗಳು ಸಾನಾ ಅವಳ ಜೊತೆ ಮಾತಾಡಲಿಲ್ಲ. ಮಾತ್ರೆ ಕೊಡಲು ಹೋದರೆ ಕಿಟಕಿಯಿಂದ ಕೈ ಮಾತ್ರ ಹೊರಬರುತ್ತಿತ್ತು. ಮಾಯಮ್ಮ ಪ್ರತಿ ಮಂಗಳವಾರ ಹೋಗಿ ಆ ಕೈಗೆ ಮಾತ್ರೆ ಇಟ್ಟು ಬರುತ್ತಿದ್ದಳು. ಅವಳ ಹಳೆಯ ಠೀವಿ ಇಳಿದಿತ್ತು. ಗೆರೆಗೆ ಈಗಲೂ ಐದು ನಿಮಿಷ ಕಾಯುತ್ತಿದ್ದಳು, ಆದರೆ ಐತೆ ಎಂದು ಬಾಯಿತುಂಬ ಹೇಳುವುದು ನಿಂತಿತ್ತು. ತನ್ನ ಕೇರಿಯ ಹೆಂಗಸರನ್ನೂ ಬಿಡಲಿಲ್ಲ. "ನೀರಾಕ್ಕೊಂಡಿದ್ದು ಬ್ಯಾಡ, ಮುಟ್ಟಾಗಿದ್ದು ಯಾವತ್ತು ಹೇಳು" ಎಂದು ನೇರವಾಗಿ ಕೇಳಿ, ಅವರು ಸೆರಗು ಬಾಯಿಗೆ ಹಿಡಿದುಕೊಂಡರೆ, ಹೇಳುವವರೆಗೆ ಕೂತೇ ಇರುತ್ತಿದ್ದಳು. ಮಾಯಮ್ಮನಿಗೆ ನಾಚಿಕೆ ಹೋಯ್ತು ಎಂದು ಕೇರಿ ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಬಿಟ್ಟಳು.

ಈ ವರ್ಷ ಜನವರಿಯ ಒಂದು ಬೆಳಗ್ಗೆ ಮಾಯಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಬೀದಿಯ ತುದಿಯಲ್ಲಿ ಕಪ್ಪು ಬುರ್ಖಾ ಕಂಡಿತು. ಸಾನಾ ಒಬ್ಬಳೇ ಬಂದಿದ್ದಳು. ಆ ಕೇರಿಗೆ ಅವಳು ಬಂದದ್ದು ಅದೇ ಮೊದಲು. ಜಗಲಿಯ ಮೇಲೆ ಕೂರಲೂ ಇಲ್ಲ, ಪೇಪರಿನಲ್ಲಿ ಸುತ್ತಿದ ಕಾರ್ಡು ತೆಗೆದು ಮುಂದೆ ಹಿಡಿದಳು. ಎರಡು ಗೆರೆ. ಎರಡೂ ಅರಗು ಒತ್ತಿ ಎಳೆದಂತೆ ಗಟ್ಟಿ.

"ಬೆಳಗ್ಗೆ ಎದ್ದ ತಕ್ಷಣದ್ದು. ಐದು ನಿಮಿಷ ನೋಡ್ದೆ" ಎಂದಳು. ಆ ಪೇಪರಿನ ಅಂಚಿನಲ್ಲಿ ಒಂದು ತಾರೀಖು ಬರೆದಿತ್ತು, ಕೆಳಗೆ ದಪ್ಪ ಗೆರೆ ಎಳೆದಿತ್ತು. "ಶುರುವಾದ ದಿನ. ಇವತ್ತಿಗೆ ನಲವತ್ತಾರು."

ಮಾಯಮ್ಮ ಕಾರ್ಡನ್ನೂ ನೋಡಿದಳು, ತಾರೀಖನ್ನೂ ನೋಡಿದಳು. ಎರಡೂ ಒಂದಕ್ಕೊಂದು ಹೊಂದುತ್ತಿದ್ದವು. ಬಾಯಿಯವರೆಗೆ ಬಂದ ಐತೆ ಎಂಬ ಮಾತನ್ನು ನುಂಗಿಕೊಂಡಳು.

"ಐತಾ ಅಂತ ಕೇಳೋಕೆ ಬಂದಿಲ್ಲ ಆಂಟಿ" ಎಂದಳು ಸಾನಾ. "ಅದು ನನಗೆ ಗೊತ್ತು. ಎಲ್ಲೈತೆ?"

"ಇದು ಅದನ್ನ ಹೇಳಲ್ಲ ಕಂದ" ಎಂದಳು ಮಾಯಮ್ಮ. "ನನಗೂ ಗೊತ್ತಿಲ್ಲ. ನಡಿ, ಹೋಗಿ ನೋಡ್ಸಾನ." ಹಾಕುತ್ತಿದ್ದ ನೀರಿನ ಬಕೆಟ್ಟನ್ನು ಅಲ್ಲೇ ಬಿಟ್ಟು, ರಂಗೋಲಿಯನ್ನೂ ಹಾಕದೆ, ಗುಲಾಬಿ ಸೀರೆ ಸುತ್ತಿಕೊಂಡು ಹೊರಟಳು. ಬೀದಿಯ ತುದಿಯಲ್ಲಿ ಆಟೋ ಹತ್ತಿದರು. ಅರ್ಧ ದಾರಿಯಲ್ಲಿ ಸಾನಾ ಅವಳ ಸೆರಗಿನ ಅಂಚು ಹಿಡಿದುಕೊಂಡಳು.

ಅದೇ ಆಸ್ಪತ್ರೆ, ಅದೇ ಬೆಂಚು. ಒಳಗೆ ಕರೆದಾಗ ಸಾನಾ ಸೆರಗು ಬಿಡದೇ ಇದ್ದುದರಿಂದ ಮಾಯಮ್ಮನೂ ಹೋಗಬೇಕಾಯಿತು. ಕೊನೆಯ ಮುಟ್ಟು ಯಾವಾಗ ಎಂದು ಡಾಕ್ಟರಮ್ಮ ಕೇಳಿದರು. ಇಬ್ಬರೂ ಒಟ್ಟಿಗೆ ಒಂದೇ ತಾರೀಖು ಹೇಳಿದರು. ಆಮೇಲೆ ಬೂದು ಪರದೆಯ ಮೇಲೆ ಏನೇನೋ ಮೋಡ ಸರಿದಾಡಿತು. ಮಾಯಮ್ಮನಿಗೆ ಅದರಲ್ಲಿ ಒಂದೂ ತಿಳಿಯಲಿಲ್ಲ, ಅವಳು ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು. ಮುಖ ನೋಡಿ ಹೇಳುವವರನ್ನು ಇಪ್ಪತ್ತು ವರ್ಷ ಬೈದವಳು, ಆ ಹೊತ್ತಿಗೆ ಒಂದು ಮುಖವನ್ನೇ ನಂಬಿ ನಿಂತಿದ್ದಳು.

"ಗರ್ಭಕೋಶದಲ್ಲೇ ಇದೆ" ಎಂದರು ಡಾಕ್ಟರಮ್ಮ. "ಇಲ್ಲಿ ನೋಡಿ, ಹೃದಯ ಬಡಿಯೋದೂ ಕಾಣ್ತಿದೆ. ಸರಿಯಾದ ಜಾಗದಲ್ಲೇ ಇದೆ."

ಸಾನಾ ಕಣ್ಣು ಮುಚ್ಚಿಕೊಂಡಳು. ಕಣ್ಣಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. ಡಾಕ್ಟರಮ್ಮ ಮೆಷಿನ್ ಎತ್ತಿಡಲು ಹೋದರು. ಮಾಯಮ್ಮ ಅವರ ಕೈ ಹಿಡಿದುಕೊಂಡಳು.

"ಒಸಿ ಇನ್ನೊಂದ್ಸಲ ನೋಡ್ಬುಡಿ ಮೇಡಂ" ಎಂದಳು.